ಮಲ್ಪೆಯ ಲೆಕ್ಕ

"ಅಕ್ಕಾರ, ಈ ಬೂಟು ನಿಮ್ಮವಲ್ಲ ಬಿಡ್ರಿ," ಎಂದಳು ಗುರಮ್ಮ.

ಕಲ್ಯಾಣದ ದುರ್ಗಾಡಿ ಕೋಟೆಯ ಬುಡದಲ್ಲಿ, ಉಲ್ಲಾಸ ನದಿಗೆ ಇಳಿಯುವ ಮೆಟ್ಟಿಲ ಮೇಲೆ ಕೂತು ಸುಗುಣಾ ಲೇಸು ಬಿಗಿಯುತ್ತಿದ್ದಳು. ಗಂಡ ಯಜ್ಞೇಶ್ವರನ ಬಿಳಿ ಕ್ಯಾನ್ವಾಸ್ ಬೂಟು. ಎರಡು ಜೊತೆ ಕಾಲುಚೀಲ ಹಾಕಿಕೊಂಡರೂ ಹಿಮ್ಮಡಿಯ ಹತ್ತಿರ ಒಂದು ಬೆರಳು ಆರಾಮಾಗಿ ಹೋಗುವಷ್ಟು ಜಾಗ ಉಳಿದಿತ್ತು. ಸಂಕ್ರಾಂತಿಯ ಮರುದಿನದ ಬೆಳಗ್ಗೆ, ಆರು ಗಂಟೆ. ನದಿಯ ಮೇಲೆ ಮಂಜು ಕೂತಿತ್ತು, ಆಚೆ ದಡದ ದೀಪಗಳು ಇನ್ನೂ ಆರಿರಲಿಲ್ಲ.

"ಇವರದ್ದು ಮಾರಾಯ್ತಿ. ನನ್ನ ಚಪ್ಪಲಿಯಲ್ಲಿ ಹೊರಟ್ರೆ ಕಳವಾ ಮುಟ್ಟುವಾಗ ಬಾರು ಮಾತ್ರ ಉಳಿದೀತು," ಎಂದಳು ಸುಗುಣಾ. ಎದ್ದು ನಿಂತು ಸೀರೆಯ ನೆರಿಗೆಯನ್ನು ಮೇಲೆತ್ತಿ ಸೊಂಟಕ್ಕೆ ಸಿಕ್ಕಿಸಿದಳು. ಸ್ವೆಟರಿನ ಕಿಸೆಯಲ್ಲಿ ನೆರೆಮನೆಯವರು ಕೊಟ್ಟ ಎಳ್ಳುಂಡೆಗಳಿದ್ದವು. ನಲವತ್ತೇಳರ ವಯಸ್ಸಿನಲ್ಲಿ ಪರೀಕ್ಷೆಗೆ ಹೊರಟ ಶಾಲೆಯ ಹುಡುಗಿಯ ಹಾಗೆ ಅವಳು ಕಿಸೆಯನ್ನು ಎರಡೆರಡು ಸಲ ಮುಟ್ಟಿ ನೋಡಿಕೊಂಡಳು.

ಗುರಮ್ಮ ಬರಿಗಾಲಲ್ಲಿದ್ದಳು. ಕಟ್ಟಡದ ಕೆಲಸದಲ್ಲಿ ಇಟ್ಟಿಗೆ ಹೊರುವವಳು. ತಲೆಯ ಮೇಲಿಡುವ ಬಟ್ಟೆಯ ಸಿಂಬಿಯನ್ನು ಇವತ್ತು ರಜೆಯಾದರೂ ಸೊಂಟಕ್ಕೆ ಸಿಕ್ಕಿಸಿಕೊಂಡೇ ಬಂದಿದ್ದಳು. ಅದಿಲ್ಲದಿದ್ದರೆ ಏನೋ ಮರೆತುಬಂದ ಹಾಗಾಗುತ್ತದಂತೆ.

ವಿಷಯ ಇಷ್ಟು. ಡೊಂಬಿವಲಿಯ ಕನ್ನಡಿಗರ ಸ್ನೇಹಕೂಟದವರು ಜನವರಿ ಇಪ್ಪತ್ತಾರಕ್ಕೆ ಕಲ್ಯಾಣದಿಂದ ಕಳವಾದವರೆಗೆ, ನದಿಯ ಮಗ್ಗುಲಲ್ಲೇ, ಹದಿನಾಲ್ಕು ಮೈಲಿಯ ನಡಿಗೆ ಇಟ್ಟುಕೊಂಡಿದ್ದರು. ಒಬ್ಬರು ಪೂರ್ತಿ ನಡೆದರೆ ಕಾಲು ಕಳೆದುಕೊಂಡ ಒಬ್ಬರಿಗೆ ಜೈಪುರದ ಕೃತಕ ಕಾಲು ಹಾಕಿಸಿಕೊಡುತ್ತೇನೆ ಎಂದು ಥಾಣೆಯ ಮುದುಕ ದಾನಿಯೊಬ್ಬ ಒಪ್ಪಿದ್ದ. ಹೋದ ವರ್ಷವೂ ಒಪ್ಪಿದ್ದ. ಆದರೆ ಹೋದ ವರ್ಷ ನಾಲ್ವರು ಮಹನೀಯರು ಮುಂಬ್ರಾದಲ್ಲಿ ಟೆಂಪೋ ಹತ್ತಿ, ಕಳವಾದಲ್ಲಿ ಇಳಿದು, ಹಾರ ಹಾಕಿಸಿಕೊಳ್ಳುವಾಗ ಸಿಕ್ಕಿಬಿದ್ದರು. "ಅರ್ಧ ನಡೆದವರ ಹೆಸರಿನಲ್ಲಿ ಅರ್ಧ ಕಾಲು ಕೊಡಲು ನನಗೆ ಬರುವುದಿಲ್ಲ" ಎಂದ ಮುದುಕ ಈ ಸಲ ಷರತ್ತು ಹಾಕಿದ್ದ. ಹೆಸರು ಕೊಟ್ಟವರು ಮೊದಲೇ ಒಂದು ಸಲ ಪೂರ್ತಿ ದಾರಿ ನಡೆದು ತೋರಿಸಬೇಕು. ಇಲ್ಲವಾದರೆ ಅವರ ಹೆಸರನ್ನೂ ಅದರ ಎದುರಿಗೆ ಬರೆದ ಕಾಲು ಬೇಕಾದವರ ಹೆಸರನ್ನೂ ಹೊಡೆದುಹಾಕಬೇಕು.

ಕಾಲು ಬೇಕಾದವರು ಹದಿನಾಲ್ಕು ಜನ, ನಡೆಯುತ್ತೇವೆಂದವರು ಹದಿಮೂರು. ಚೀಟಿ ಎತ್ತಿ ಜೋಡಿ ಮಾಡಿದರು. ಸುಗುಣಾಳ ಹೆಸರಿನ ಎದುರಿಗೆ ಶಿವರಾಯ ಎಂದು ಬಂತು. ಕಳವಾದ ಹಮಾಲ. ಮೂರು ವರ್ಷದ ಹಿಂದೆ ದಿವಾದಲ್ಲಿ ಹಳಿ ದಾಟುವಾಗ ಎಡಗಾಲು ಮೊಣಕಾಲಿನ ಕೆಳಗೆ ಹೋಗಿತ್ತು. ಅವನದೇ ಚಾಳಿನ ಬಾಲಪ್ಪನ ಚೀಟಿ ಮಾತ್ರ ಜೋಡಿಯಿಲ್ಲದೆ ಡಬ್ಬಿಯಲ್ಲಿ ಉಳಿಯಿತು. ಮುಂದಿನ ವರ್ಷ ನೋಡೋಣ ಎಂದರು.

ಚೀಟಿ ಎತ್ತಿದ ಮೂರನೆಯ ದಿನ ಸುಗುಣಾಳ ಮನೆಯ ಬಾಗಿಲು ತಟ್ಟಿದ ಸದ್ದಾಯಿತು. ತೆರೆದರೆ ಒಬ್ಬ ಹೆಂಗಸು. ಒಳಗೆ ಬಾ ಎಂದರೂ ಬರಲಿಲ್ಲ, ನೀರು ಕೊಟ್ಟರೂ ಕುಡಿಯಲಿಲ್ಲ. ಸುಗುಣಾಳನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ, ಸಂತೆಯಲ್ಲಿ ಎತ್ತು ನೋಡುವ ಹಾಗೆ ನೋಡಿದಳು.

"ನೀವೇನ್ರಿ ನಮ್ಮ ಶಿವರಾಯನ ಕಾಲಿಗಿ ನಡಿಯೋರು?"

"ಹೌದು. ನೀನು ಅವರ ಹೆಂಡತಿಯಾ?"

"ಹೂನ್ರಿ, ಗುರಮ್ಮ ಅಂತ." ಮತ್ತೊಮ್ಮೆ ನೋಡಿದಳು. "ನಡಿಲಾಕ ಬರ್ತದ್ರಿ ನಿಮಗ?"

ಸುಗುಣಾಳಿಗೆ ಸಿಟ್ಟು ಬಂತು. ಸಿಟ್ಟು ಬಂದದ್ದು ಪ್ರಶ್ನೆ ನ್ಯಾಯವಾಗಿತ್ತು ಎಂಬ ಕಾರಣಕ್ಕೆ. ಡೊಂಬಿವಲಿ ಸ್ಟೇಷನ್ನಿನ ಮೇಲ್ಸೇತುವೆ ಹತ್ತಿದರೆ ನಡುವೆ ಎರಡು ಸಲ ನಿಲ್ಲುವವಳು ಅವಳು. ಯಜ್ಞೇಶ್ವರನಂತೂ ಅವಳು ಹೆಸರು ಕೊಟ್ಟ ದಿನ, ಒಂದನೆಯ ಪ್ಲಾಟ್‌ಫಾರ್ಮಿನಿಂದ ಐದನೆಯದಕ್ಕೆ ಹೋಗಲು ರಿಕ್ಷಾ ಕೇಳುವವಳು ಹದಿನಾಲ್ಕು ಮೈಲಿ ನಡೆಯುತ್ತಾಳಂತೆ ಎಂದು ಇಡೀ ಬಿಲ್ಡಿಂಗಿಗೆ ಸಾರಿಬಂದಿದ್ದ. ಮರುದಿನ ಬೆಳಗ್ಗೆ ಐದೂವರೆಗೆ ಮತ್ತೆ ಬಾಗಿಲು ತಟ್ಟಿದ ಸದ್ದು. "ಏಳ್ರಿ ಅಕ್ಕಾರ. ಕೆಲಸಕ್ಕ ಹೋಗೂದರಾಗ ಒಂದು ಸುತ್ತು ಹೋಗಿ ಬರಮು," ಎಂದಳು ಗುರಮ್ಮ. ಅವಳು ಇಟ್ಟಿಗೆ ಹೊರುತ್ತಿದ್ದ ಕಟ್ಟಡ ಪಕ್ಕದ ಓಣಿಯಲ್ಲೇ ಇತ್ತು. ಅಂದಿನಿಂದ ಒಂದು ತಿಂಗಳು, ಬೆನ್ನು ಬಿಡದ ಬೇತಾಳದ ಹಾಗೆ ದಿನವೂ ಬಂದಳು.

ಆದರೂ ಪೂರ್ತಿ ದಾರಿ ಆಗಿರಲಿಲ್ಲ. ಎರಡು ಭಾನುವಾರ ಸ್ನೇಹಕೂಟದ ಗುಂಪಿನ ಜೊತೆ ಹೊರಟಿದ್ದ ಸುಗುಣಾ ಎರಡು ಸಲವೂ ಡೊಂಬಿವಲಿಯ ಮೋಠಾಗಾವ್ ಬರುತ್ತಲೇ ಮನೆಯ ವಾಸನೆ ಹಿಡಿದು ವಾಪಸಾಗಿದ್ದಳು. ಉಳಿದ ಹನ್ನೆರಡು ಜನ ನಡೆದು ತೋರಿಸಿಯಾಗಿತ್ತು. ಇವತ್ತು ಕೊನೆಯ ದಿನ. ಕಳವಾದಲ್ಲಿ ಹೋಟೆಲು ಇಟ್ಟಿರುವ ಕಾರ್ಯದರ್ಶಿ ವಿಷ್ಣುಮೂರ್ತಿ ಮಧ್ಯಾಹ್ನ ಒಂದು ಗಂಟೆಯವರೆಗೆ ಪಟ್ಟಿ ಇಟ್ಟುಕೊಂಡು ಕಾಯುತ್ತಾನೆ. ಆಮೇಲೆ ಪಟ್ಟಿ ಥಾಣೆಗೆ ಹೋಗುತ್ತದೆ. "ಸಾಕ್ಷಿ ಗೀಕ್ಷಿ ಬೇಡ ಸುಗುಣಕ್ಕ, ನಡೆದೆ ಅಂತ ನೀವು ಒಂದು ಮಾತು ಹೇಳಿದ್ರೆ ಸಾಕು," ಎಂದಿದ್ದ.

ಮೋಠಾಗಾವ್ ಎಂಟೂಕಾಲಕ್ಕೆ ಬಂತು. ಮರಳಿನ ದೋಣಿಗಳು ದಡಕ್ಕೆ ಹತ್ತಿದ್ದವು. ಮರಳು ಹೊರುವವರು ಬೆಂಕಿ ಹಾಕಿಕೊಂಡು ಚಹಾ ಕುಡಿಯುತ್ತಿದ್ದರು. ಕಾರ್ಖಾನೆಗಳ ಕಡೆಯಿಂದ ಡೊಂಬಿವಲಿಯ ಆ ಹುಳಿಹುಳಿ ವಾಸನೆ ಬಂತು. ಬಲಗಡೆ ನದಿ, ಎಡಗಡೆ ಮನೆಗೆ ಹೋಗುವ ರಸ್ತೆ. ಹತ್ತು ನಿಮಿಷ ನಡೆದರೆ ಮನೆ. ಮನೆಯಲ್ಲಿ ಬಿಸಿ ದೋಸೆ, ಕಾಪಿ.

"ಎಡಕ್ಕ ನೋಡಬ್ಯಾಡ್ರಿ," ಎಂದಳು ಗುರಮ್ಮ.

"ನೋಡ್ಲಿಲ್ಲ."

"ನೋಡೀರಿ."

ಸುಗುಣಾ ಸೆರಗನ್ನು ಎಡಗಣ್ಣಿಗೆ ಅಡ್ಡ ಹಿಡಿದುಕೊಂಡು ರಸ್ತೆ ದಾಟಿದಳು. ದಾಟಿ ನೂರು ಹೆಜ್ಜೆ ಹೋದ ಮೇಲೆ ಅವಳಿಗೆ ನಗು ಬಂತು. ನಿಲ್ಲಿಸಲು ಹೋದರೆ ಇನ್ನೂ ಜೋರಾಯಿತು. ಈಗ ಕಾಲ ಕೆಳಗಿದ್ದ ದಾರಿಯನ್ನು ಅವಳು ಜನ್ಮದಲ್ಲಿ ನಡೆದಿರಲಿಲ್ಲ. ಇಪ್ಪತ್ತೆರಡು ವರ್ಷ ಡೊಂಬಿವಲಿಯಲ್ಲಿದ್ದು, ಲೋಕಲ್ ರೈಲುಗಾಡಿಯ ಕಿಟಕಿಯಿಂದ ಸಾವಿರ ಸಲ ಈ ನೀರನ್ನು ನೋಡಿದ್ದಳು. ನೀರಿನ ಪಕ್ಕದಲ್ಲಿ ಹೀಗೊಂದು ಒಡ್ಡು ಇದೆ, ಒಡ್ಡಿನ ಮೇಲೆ ಒಬ್ಬರು ನಡೆಯುವಷ್ಟು ದಾರಿ ಇದೆ, ಎರಡೂ ಕಡೆ ಬೆಳ್ಳಕ್ಕಿಗಳು ಕೂತಿರುತ್ತವೆ ಎಂದು ತಿಳಿದಿರಲಿಲ್ಲ. ಮಂಜು ಹರಿದು ಬಿಸಿಲು ಬಿತ್ತು. ಅವಳ ಕಾಲುಗಳು ತಮ್ಮಷ್ಟಕ್ಕೆ ತಾವೇ ಹೋಗುತ್ತಿದ್ದವು. ನೋವಿತ್ತು, ಆದರೆ ಅದು ಬೇರೆ ಯಾರದೋ ನೋವಿನ ಹಾಗಿತ್ತು. ದೂರದಲ್ಲಿ ಒಂದು ಲೋಕಲ್ ಕೂಗಿಕೊಂಡು ಹೋದಾಗ ಅವಳು ಅದರ ಜೊತೆ ಪಂದ್ಯ ಕಟ್ಟಿ ಇಪ್ಪತ್ತು ಹೆಜ್ಜೆ ಓಡಿಯೇಬಿಟ್ಟಳು.

"ಓಡಬ್ಯಾಡ್ರಿ, ಉಸುರು ಉಳಸ್ರಿ," ಎಂದು ಗುರಮ್ಮ ಹಿಂದಿನಿಂದ ಕೂಗಿದಳು. ಅವಳೂ ನಗುತ್ತಿದ್ದಳು.

ಎಳ್ಳುಂಡೆ ತಿನ್ನುತ್ತ ಗುರಮ್ಮ ಮನೆಯ ಸುದ್ದಿ ಹೇಳಿದಳು. ಶಿವರಾಯ ಮೂರು ವರ್ಷದಿಂದ ಖೋಲಿಯ ಹೊಸ್ತಿಲ ಮೇಲೆ ಕೂತು ಚೀಲ ಹೊಲಿಯುತ್ತಾನೆ. ಚೀಟಿ ಬಂದ ದಿನದಿಂದ ಎದ್ದ ಕೂಡಲೇ ಅಕ್ಕಾರು ಇವತ್ತು ಎಷ್ಟು ನಡೆದರು ಎಂದು ಕೇಳುತ್ತಾನೆ. ಬಾಲಪ್ಪನೂ ಬಂದು ಕೂತು ಕೇಳುತ್ತಾನೆ.

"ಬಾಲಪ್ಪನಿಗೆ ಬೇಜಾರಾಗಿರಬೇಕು ಅಲ್ವಾ?" ಎಂದಳು ಸುಗುಣಾ.

"ಏನಿಲ್ಲ ಅಂತಾನ್ರಿ. ಇಷ್ಟು ದಿನ ತಡದೀನಿ, ಇನ್ನೊಂದು ವರ್ಷ ಏನು ಮಹಾ ಅಂತಾನ. ಅಂದು ಮಾರಿ ಆ ಕಡಿಗಿ ಹೊಳ್ಳಸ್ತಾನ."

ಹತ್ತು ಗಂಟೆಗೆ ಒಡ್ಡು ಮುಗಿಯಿತು. ಮುಗಿಯಿತು ಎಂದರೆ, ನಡುವೆ ಹತ್ತಿಪ್ಪತ್ತು ಮಾರು ಒಡೆದುಹೋಗಿತ್ತು. ಆಚೆ ಮತ್ತೆ ಒಡ್ಡು ಕಾಣುತ್ತಿತ್ತು, ಅದರ ಆಚೆ ದಿವಾದ ಮನೆಗಳು. ನಡುವಿನ ಕಲ್ಲುಗಳ ಮೇಲೆ ಖಾಡಿಯ, ಎಂದರೆ ಸಮುದ್ರ ಒಳನುಗ್ಗುವ ಅಳಿವೆಯ, ನೀರು ನಿಂತಿತ್ತು. ಎಡಕ್ಕೆ ಒಂದು ಕಾಲುದಾರಿ ಗದ್ದೆಗಳನ್ನೂ ಹಳ್ಳಿಯನ್ನೂ ಸುತ್ತಿಕೊಂಡು ಹೋಗುತ್ತಿತ್ತು. ಹೋದ ಭಾನುವಾರದ ಗುಂಪಿನವರು ಈ ಕಲ್ಲುಗಳ ಮೇಲೇ ಚಪ್ಪಲಿಯೂ ನೆನೆಯದಂತೆ ದಾಟಿದ್ದರಂತೆ. ಸುತ್ತು ಹಾಕಿದರೆ ಎರಡು ಮೈಲಿ ಹೆಚ್ಚು.

"ಸುತ್ತಿ ಹೋಗಮೇನ್ರಿ?" ಎಂದಳು ಗುರಮ್ಮ.

ಸುಗುಣಾ ಸೊಂಟದ ಮೇಲೆ ಕೈಯಿಟ್ಟು ನೀರನ್ನು ನೋಡಿದಳು. ಒಂದು ತಿಂಗಳಿನಿಂದ ಗುರಮ್ಮ ಹೇಳಿದ ಹಾಗೆ ಕೇಳಿದ್ದಾಗಿತ್ತು. ಹೀಗೆ ಹೆಜ್ಜೆ ಇಡಿ, ಹೀಗೆ ಉಸಿರು ಬಿಡಿ, ಎಡಕ್ಕೆ ನೋಡಬೇಡಿ. ಈಗ ತನಗೆ ಗೊತ್ತಿರುವ ವಿಷಯ ಬಂದಿತ್ತು. ಅವಳು ಮಲ್ಪೆಯ ಮಗಳು. ಅಜ್ಜ ತೋಟದಿಂದ ತೆಂಗಿನಕಾಯಿಯನ್ನು ದೋಣಿಯಲ್ಲಿ ಸಾಗಿಸುತ್ತಿದ್ದಾಗ ತಿಥಿಯನ್ನು ಬೆರಳ ಗೆಣ್ಣಿನ ಮೇಲೆ ಎಣಿಸಿ, ನೀರು ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ ಎಂದು ಹೇಳುವುದನ್ನು ಲಂಗ ತೊಡುವ ವಯಸ್ಸಿನಲ್ಲೇ ಕಲಿತಿದ್ದಳು.

"ಸುತ್ತುವುದು ಎಂತಕ್ಕೆ? ನೋಡು," ಎಂದು ಬೆರಳು ಮಡಿಸಿದಳು. "ಹುಣ್ಣಿಮೆಗೆ ಇನ್ನು ನಾಲ್ಕು ದಿನ ಉಂಟು. ಅಂದ್ರೆ ಇವತ್ತು ಭರತ ಬೆಳಿಗ್ಗೆ ಎಂಟು ಗಂಟೆಗೆ. ಭರತ ಅಂದ್ರೆ ನೀರು ಪೂರ್ತಿ ಏರುವುದು. ಈಗ ಹತ್ತು. ಇಳಿಲಿಕ್ಕೆ ಶುರುವಾಗಿ ಎರಡು ಗಂಟೆ ಆಯ್ತು. ಹತ್ತು ನಿಮಿಷ ಕೂತ್ರೆ ಕಲ್ಲು ಕಾಣ್ತದೆ."

"ಹೊಳಿ ಏರಿ ಇಳಿತದ್ರಿ ದಿನಾ?"

"ದಿನಾ ಎರಡು ಸಲ."

"ಮಳಿ ಇಲ್ಲದನ?"

"ಮಳೆಗೂ ಇದಕ್ಕೂ ಸಂಬಂಧವೇ ಇಲ್ಲ. ಚಂದ್ರನ ಲೆಕ್ಕ ಅದು. ಕೂತ್ಕೊ, ಹೇಳ್ತೇನೆ."

ಕಲಬುರಗಿಯ ಕಡೆಯ ಗುರಮ್ಮ ಕಂಡ ಹೊಳೆ ಮಳೆಗಾಲದಲ್ಲಿ ಬರುತ್ತಿತ್ತು, ಬೇಸಿಗೆಯಲ್ಲಿ ಹೋಗುತ್ತಿತ್ತು. ಚಂದ್ರನನ್ನು ಕೇಳಿ ದಿನಕ್ಕೆರಡು ಸಲ ಓಡಾಡುವ ಹೊಳೆಯನ್ನು ಅವಳು ಕೇಳಿರಲಿಲ್ಲ. ಕಳವಾದ ಖಾಡಿಯನ್ನು ದಿನವೂ ದಾಟುತ್ತಿದ್ದಳು ನಿಜ, ಆದರೆ ಗಾಡಿಯಲ್ಲಿ, ನಾಲ್ಕು ಜನರ ಮೊಣಕೈಗಳ ನಡುವೆ. ಇಬ್ಬರೂ ಒಡ್ಡಿನ ಮೇಲೆ ಕೂತರು. ಸುಗುಣಾಳ ಉಪನ್ಯಾಸ ಶುರುವಾಯಿತು. ಏಕಾದಶಿಯ ನೀರು, ಹುಣ್ಣಿಮೆಯ ನೀರು, ಅಮಾವಾಸ್ಯೆಗೆ ಅಜ್ಜನ ದೋಣಿ ತೋಟದ ಬಾಗಿಲಿಗೇ ಬಂದು ನಿಂತದ್ದು. ಗಾಳಿ ಹಿತವಾಗಿತ್ತು. ಕೇಳುವವಳು ಸಿಕ್ಕಿದ್ದಳು. ಗುರಮ್ಮ ಹೂಂಗುಟ್ಟುತ್ತ ಒಂದು ಕಡ್ಡಿಯನ್ನು ನೀರಿನ ಅಂಚಿನಲ್ಲಿ ಕೆಸರಿಗೆ ಚುಚ್ಚಿದಳು.

ಹತ್ತು ನಿಮಿಷವಾಯಿತು. ಕಲ್ಲು ಕಾಣಲಿಲ್ಲ. ಇನ್ನೊಂದು ಹತ್ತು ನಿಮಿಷವಾಯಿತು.

"ಈಗ ಸಾಕು, ಮೊಣಕಾಲಿನವರೆಗೆ ಅಷ್ಟೆ ಇದ್ದೀತು," ಎಂದು ಸುಗುಣಾ ಬೂಟಿನಲ್ಲೇ ಇಳಿದಳು. ಮೊದಲ ಹೆಜ್ಜೆಗೆ ಮೊಣಕಾಲು ಮುಳುಗಿತು. ಎರಡನೆಯ ಹೆಜ್ಜೆಗೆ ಕಲ್ಲು ತಪ್ಪಿ ಕಾಲು ಕೆಸರಿಗೆ ಹೋಯಿತು. ಎಡಗಾಲಿನ ಬೂಟನ್ನು ಕೆಸರು ಒಳಗಿಂದ ಯಾರೋ ಎಳೆದ ಹಾಗೆ ಎಳೆಯಿತು. ಗುರಮ್ಮ ಅವಳ ರಟ್ಟೆ ಹಿಡಿದು ಎಳೆದಳು, ಆಮೇಲೆ ತೋಳಿನವರೆಗೆ ಕೈ ಹಾಕಿ ಬೂಟನ್ನೂ ಎಳೆದಳು. ಇಬ್ಬರೂ ಒಡ್ಡಿನ ಮೇಲೆ ದೊಪ್ಪನೆ ಕೂತರು.

"ಅಕ್ಕಾರ," ಎಂದಳು ಗುರಮ್ಮ, ಬಹಳ ಮರ್ಯಾದೆಯಿಂದ. "ನನಗ ಇದರಾಗಿಂದು ತಿಳಿಯಂಗಿಲ್ಲ. ಆದರ ನಾ ಚುಚ್ಚಿದ ಕಡ್ಡಿ ಮುಳುಗ್ಯಾದ. ಮತ್ತ ಅಲ್ಲಿ ನೋಡ್ರಿ."

ನೀರಿನ ನಡುವೆ ಒಂದು ಚೆಂಡುಹೂವಿನ ಹಾರ ತೇಲುತ್ತಿತ್ತು. ನಿನ್ನೆಯ ಹಬ್ಬಕ್ಕೆ ಯಾರೋ ಬಿಟ್ಟದ್ದಿರಬೇಕು.

"ನೀರು ಇಳದು ಸಮುದ್ರಕ್ಕ ಹೋಗ್ಲಕತ್ತದ ಅಂದ್ರಿ. ಆ ಹಾರ ಕಲ್ಯಾಣದ ಕಡಿಗಿ ಹೊಂಟದಲ್ರಿ?"

ಸುಗುಣಾ ನೋಡಿದಳು. ಹಾರ ಯಾವ ಅವಸರವೂ ಇಲ್ಲದೆ, ಅವರು ಬೆಳಗಿನಿಂದ ನಡೆದುಬಂದ ದಾರಿಯಲ್ಲೇ ಹಿಂದಕ್ಕೆ ಹೋಗುತ್ತಿತ್ತು. ಆಗ ಅವಳಿಗೆ ಹೊಳೆಯಿತು. ಅವಳು ಎಣಿಸಿದ್ದು ಮಲ್ಪೆಯ ನೀರು. ಅಜ್ಜನ ತೋಟ ಸಮುದ್ರದ ಬಾಯಲ್ಲೇ ಇತ್ತು. ಇದು ಬೇರೆ ತೀರದ ನೀರು, ಅದೂ ಮುಂಬಯಿಯನ್ನು ಸುತ್ತಿ, ಥಾಣೆ ಹಾಯ್ದು, ಇಷ್ಟು ಒಳಗೆ ಬರಬೇಕಾದ ನೀರು. ಮಾತು ಮನೆ ಕೆಡಿಸಿತು ಅನ್ನುತ್ತಾರೆ. ಇಲ್ಲಿ ಅರ್ಧ ಗಂಟೆಯನ್ನೇ ಕೆಡಿಸಿತ್ತು. ಒಡ್ಡಿನ ಮೇಲೆ ಮೀನಿನ ಬುಟ್ಟಿ ಹೊತ್ತು ಬಂದ ಮುದುಕಿಯೊಬ್ಬಳು ಇವರ ಅವಸ್ಥೆ ನೋಡಿ, "ಬಾರಾ ವಾಜೇಪರ್ಯಂತ ಭರತೀ ಆಹೇ ಬಾಯಿ," ಎಂದು ಹೇಳಿ, ಸುತ್ತಿನ ಕಾಲುದಾರಿ ಹಿಡಿದು ಹೋದಳು. ಹನ್ನೆರಡರವರೆಗೆ ನೀರು ಏರುವುದೇ.

ಸುಗುಣಾಳ ಮುಖ ಸಣ್ಣದಾಯಿತು. "ನನ್ನದೇ ತಪ್ಪು ಗುರಮ್ಮ," ಎಂದಳು. "ದೊಡ್ಡ ಲೆಕ್ಕ ಹೇಳ್ಲಿಕ್ಕೆ ಹೋದೆ. ಕೈ ಕೆಸರಾದ್ರೆ ಬಾಯಿ ಮೊಸರಂತೆ. ಕಾಲು ಕೆಸರಾದ್ರೆ ಎಂತ ಸಿಗ್ತದೋ ದೇವರಿಗೇ ಗೊತ್ತು."

ಗುರಮ್ಮ ಎದ್ದು ಕಾಲುದಾರಿಯ ಕಡೆ ನಡೆದಳು. ಸುಗುಣಾ ಹಿಂದೆ ನಡೆದಳು. ಬೂಟಿನೊಳಗೆ ನೀರು ಪಚಪಚ ಅನ್ನುತ್ತಿತ್ತು. ಗದ್ದೆ ದಾಟಿ, ಹಳ್ಳಿ ದಾಟಿ ದಿವಾದ ರೈಲ್ವೆ ಫಾಟಕಿಗೆ ಬಂದಾಗ ಹನ್ನೊಂದೂಕಾಲು. ಗುರಮ್ಮ ಹಳಿಯ ಈಚೆ ನಿಂತು ಎರಡೂ ಕಡೆ ನೋಡಿದಳು, ಇನ್ನೊಮ್ಮೆ ನೋಡಿದಳು. ಸುಗುಣಾ ಅವಸರ ಮಾಡಲಿಲ್ಲ. ಸ್ಟೇಷನ್ನಿನಲ್ಲಿ ಥಾಣೆಯ ಕಡೆಗೆ ಹೋಗುವ ಸ್ಲೋ ಗಾಡಿ ನಿಂತಿತ್ತು. ಭಾನುವಾರವಾದ್ದರಿಂದ ಕಿಟಕಿಯ ಪಕ್ಕದ ಸೀಟುಗಳೂ ಖಾಲಿ ಕಾಣುತ್ತಿದ್ದವು. ಇಲ್ಲಿಂದ ಕಳವಾ ಎರಡನೆಯ ಸ್ಟೇಷನ್ನು. ನಡೆದರೆ ಇನ್ನೂ ಐದೂವರೆ ಮೈಲಿ.

"ಅಕ್ಕಾರ," ಎಂದಳು ಗುರಮ್ಮ. ಅವಳ ದನಿ ಬದಲಾಗಿತ್ತು. "ಗಾಡಿ ಹತ್ತಮು."

"ಎಂತ?"

"ಯಾರು ನೋಡ್ತಾರ್ರಿ? ನಿಮ್ಮ ಬಾಯಿ ಮಾತೇ ಸಾಕಂತಲ್ಲ. ಇವತ್ತೊಂದು ದಿನ ಹೆಸರು ಉಳದರ ಸಾಕು. ಇಪ್ಪತ್ತಾರಕ್ಕ ನೀವು ನಡದೇ ನಡೀತೀರಿ, ನನಗ ಗೊತ್ತದ." ಅವಳು ಸುಗುಣಾಳ ಮುಖ ನೋಡಲಿಲ್ಲ. "ಅವ ಹೊಸ್ತಿಲ ಮ್ಯಾಲ ಕುಂತು ಮೂರು ವರ್ಷ ಆತ್ರಿ."

ಸುಗುಣಾಳಿಗೂ ಹತ್ತಬೇಕು ಅನ್ನಿಸಿತು. ಸುಳ್ಳು ಯಾಕೆ, ಬಹಳ ಅನ್ನಿಸಿತು. ಹಿಮ್ಮಡಿಯಲ್ಲಿ ಬೊಕ್ಕೆ ಎದ್ದು ಒಡೆದಿತ್ತು. ತಪ್ಪು ಮಾಡಿದವಳು ತಾನು, ಅದಕ್ಕೆ ಶಿವರಾಯ ಯಾಕೆ ದಂಡ ತೆರಬೇಕು? ಗಾಡಿ ಒಂದು ಸಲ ಕೂಗಿತು. ಆಗ ಅವಳಿಗೆ ಮೋಠಾಗಾವ್ ದಾಟಿದ ಮೇಲೆ ಬಂದ ನಗು ನೆನಪಾಯಿತು. ಇಲ್ಲಿ ಹತ್ತಿದರೆ, ಇಪ್ಪತ್ತಾರರಂದು ಇದೇ ಜಾಗದಲ್ಲಿ ನಿಂತು ತಾನು ಏನು ಮಾಡುತ್ತೇನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಎರಡು ಭಾನುವಾರ ಎಡಕ್ಕೆ ತಿರುಗಿದ ಕಾಲು ಅದು.

"ನಿನಗೆ ಗೊತ್ತುಂಟು, ಆದ್ರೆ ನನ್ನ ಕಾಲಿಗೆ ಗೊತ್ತಿಲ್ಲ ಗುರಮ್ಮ," ಎಂದಳು. "ಇವತ್ತು ಹತ್ತಿದ್ರೆ ಅವತ್ತೂ ಹತ್ತುತ್ತೇನೆ. ನಡಿ. ಒಂದು ಗಂಟೆ ಹೊಡೆಯುವುದರೊಳಗೆ ಮುಟ್ಟುವ."

ಗಾಡಿ ಹೊರಟುಹೋಯಿತು. ಅದು ಕಣ್ಣಿಗೆ ಮರೆಯಾಗುವವರೆಗೆ ಗುರಮ್ಮ ನೋಡಿದಳು. ಆಮೇಲೆ ಅಲ್ಲೇ ಕುಕ್ಕರಗಾಲಲ್ಲಿ ಕೂತು ಸುಗುಣಾಳ ಲೇಸಿಗೆ ಕೈ ಹಾಕಿದಳು.

"ಹಂಗಾರ ಈ ಹಸಿ ಬೂಟು ಬಿಚ್ರಿ. ಇವು ನಿಮ್ಮನ್ನ ಮುಟ್ಟಸಂಗಿಲ್ಲ."

"ಬರಿಗಾಲಲ್ಲಾ?"

"ನಾ ನಡೀವಲ್ಲೇನು?"

ಸೊಂಟದ ಸಿಂಬಿ ತಲೆಗೆ ಹೋಯಿತು, ಅದರ ಮೇಲೆ ಯಜ್ಞೇಶ್ವರನ ಬೂಟುಗಳು ಕೂತವು. ಕೈ ಬೀಸಿಕೊಂಡು ಗುರಮ್ಮ ಮುಂದೆ ನಡೆದಳು. ಮೊದಲ ಅರ್ಧ ಮೈಲಿ ಸುಗುಣಾ ಕೆಂಡದ ಮೇಲೆ ನಡೆಯುವವಳ ಹಾಗೆ ನಡೆದಳು. "ಕಲ್ಲು ನೋಡಬ್ಯಾಡ್ರಿ, ನನ್ನ ಹಿಮ್ಮಡ ನೋಡಿ ಬರ್ರಿ," ಎಂದಳು ಗುರಮ್ಮ. ಅವಳ ಹಿಮ್ಮಡಗಳು ಒಣಗಿದ ಕೆರೆಯಂತೆ ಬಿರಿದಿದ್ದವು, ಒಂದೇ ಅಂತರದಲ್ಲಿ ಎದ್ದು ಬೀಳುತ್ತಿದ್ದವು. ಅವು ಬಿದ್ದಲ್ಲೇ ಸುಗುಣಾಳೂ ಹೆಜ್ಜೆ ಇಟ್ಟಳು. ಮುಂಬ್ರಾ ಬರುವ ಹೊತ್ತಿಗೆ ಹೆಜ್ಜೆಗೆ ಹೆಜ್ಜೆ ಕೂಡಿತು.

ಮುಂಬ್ರಾದಿಂದ ಡಾಂಬರು ರಸ್ತೆ. ಎಡಗಡೆ ಪಾರಸಿಕದ ಗುಡ್ಡ, ಬಲಗಡೆ ಖಾಡಿ, ನಡುವೆ ರಸ್ತೆ ಮತ್ತು ಹಳಿ. ತುಂಬಿದ ನೀರು ಬಿಸಿಲಿಗೆ ಹೊಳೆಯುತ್ತಿತ್ತು. ಪಕ್ಕದಲ್ಲೇ ಹೋದ ಲೋಕಲಿನ ಬಾಗಿಲಲ್ಲಿ ಜೋತುಬಿದ್ದಿದ್ದವರು ತಲೆಯ ಮೇಲೆ ಬೂಟು ಹೊತ್ತವಳನ್ನೂ, ಅವಳ ಹಿಂದೆ ಮೊಣಕಾಲಿನವರೆಗೆ ಬೂದು ಕೆಸರು ಒಣಗಿಸಿಕೊಂಡು ದಾಪುಗಾಲು ಹಾಕುತ್ತಿದ್ದ ಸ್ವೆಟರಿನ ಹೆಂಗಸನ್ನೂ ನೋಡಿ ಸಿಳ್ಳೆ ಹೊಡೆದರು. ಬೇರೆ ದಿನವಾಗಿದ್ದರೆ ಸುಗುಣಾ ನಾಚಿಕೆಯಿಂದ ಸತ್ತುಹೋಗುತ್ತಿದ್ದಳು. ಈಗ ಕೈಯೆತ್ತಿ ಬೀಸಿದಳು.

"ಎಷ್ಟಾತ್ರಿ?" ಎಂದು ಗುರಮ್ಮ ತಿರುಗದೆ ಕೇಳಿದಳು.

"ಹನ್ನೆರಡು ಮೂವತ್ತೈದು."

"ಇನ್ನೊಂದು ಚೂರು ಜೋರು."

ಕೊನೆಯ ಮೈಲಿಯನ್ನು ಇಬ್ಬರೂ ಅರ್ಧ ಓಡುತ್ತಲೇ ನಡೆದರು. ಕಳವಾದ ಸಂದಿಗಳು ಬಂದವು, ತರಕಾರಿಯ ಗಾಡಿಗಳು ಬಂದವು. ಜನರ ನಡುವೆ ನುಗ್ಗಿಕೊಂಡು, ಎದ್ದೆನೋ ಬಿದ್ದೆನೋ ಎಂದು ಸುಗುಣಾ ಹೋಟೆಲಿನ ಮೆಟ್ಟಿಲು ಹತ್ತಿದಳು. ಮೆಟ್ಟಿಲ ಮೇಲೆ ಊರುಗೋಲು ಪಕ್ಕದಲ್ಲಿಟ್ಟುಕೊಂಡು ಕೂತಿದ್ದ ಶಿವರಾಯ ಬೆಚ್ಚಿ ಸರಿದು ದಾರಿ ಬಿಟ್ಟ. ಬೆಳಿಗ್ಗೆ ಹತ್ತರಿಂದ ಅಲ್ಲೇ ಕೂತಿದ್ದನಂತೆ.

ಒಳಗೆ, ಹೋದ ಜೂನಿನಲ್ಲಿ ವಿಶ್ವಕಪ್ ಗೆದ್ದ ಕ್ರಿಕೆಟ್ ತಂಡದ ಕ್ಯಾಲೆಂಡರಿನ ಮೇಲೆ ಗಡಿಯಾರ ಒಂದು ಗಂಟೆ ಐದು ನಿಮಿಷ ತೋರಿಸುತ್ತಿತ್ತು. ಗಲ್ಲಾಪೆಟ್ಟಿಗೆಯ ಮೇಲೆ ಪುಸ್ತಕ ತೆರೆದಿತ್ತು. ವಿಷ್ಣುಮೂರ್ತಿಯ ಕೈಯಲ್ಲಿ ಪೆನ್ನಿತ್ತು. ಸುಗುಣಾಳ ಕಾಲುಗಳು ಅಲ್ಲೇ ನಿಂತುಬಿಟ್ಟವು. ಅವಳ ಕಣ್ಣಲ್ಲಿ ನೀರು ಬಂತು.

"ಅದು ಹತ್ತು ನಿಮಿಷ ಮುಂದೆ ಉಂಟು ಸುಗುಣಕ್ಕ," ಎಂದ ವಿಷ್ಣುಮೂರ್ತಿ. "ಸರಿ ಇಟ್ರೆ ನಮ್ಮ ಭಟ್ಟರು ಹೊತ್ತಿಗೆ ಸರಿಯಾಗಿ ಒಲೆ ಹಚ್ಚುವುದಿಲ್ಲ. ಮೊದಲು ಕೂತ್ಕೊಳ್ಳಿ. ಇದೆಂತ ಅವತಾರ?"

ಅವಳು ನೀರು ಕುಡಿದು, ಉಸಿರು ಬಿಟ್ಟು, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅಜ್ಜನ ಲೆಕ್ಕ, ಕಲ್ಲು, ಕಡ್ಡಿ, ಹಾರ. ವಿಷ್ಣುಮೂರ್ತಿಯೂ ಮಲ್ಪೆಯ ಹತ್ತಿರದ ಕಲ್ಯಾಣಪುರದ ಹೊಳೆಬದಿಯವನು. ಪೆನ್ನು ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕ.

"ಮಲ್ಪೆಯ ಲೆಕ್ಕ ದಿವಾದಲ್ಲಿ ಹಾಕಿದ್ರಾ? ಸಮುದ್ರದಿಂದ ಇಲ್ಲಿವರೆಗೆ ನೀರೂ ನಡ್ಕೊಂಡು ಬರಬೇಡ್ವಾ? ಅದಕ್ಕೆಂತ ಲೋಕಲ್ ಉಂಟಾ?" ಎಂದು ಅವಳ ಹೆಸರಿನ ಮುಂದೆ ಗುರುತು ಹಾಕಿದ. "ಹದಿನಾಲ್ಕರ ಬದಲು ಹದಿನಾರು ಮೈಲಿ. ಆಯ್ತು. ಶಿವರಾಯನದ್ದು ಖಾಯಂ."

ಸುಗುಣಾ ಆ ಗುರುತನ್ನು ನೋಡಿದಳು. ಇಷ್ಟು ಸಣ್ಣ ಗೀಟು. ಗುರಮ್ಮನಿಗೆ ತೋರಿಸಬೇಕೆಂದು ತಿರುಗಿದರೆ ಅವಳು ಒಳಗೆ ಬಂದಿರಲಿಲ್ಲ. ಬಾಗಿಲ ಹೊರಗೆ, ಮೆಟ್ಟಿಲ ಮೇಲೆ ಗಂಡನ ಪಕ್ಕದಲ್ಲಿ ಕೂತಿದ್ದಳು. ಬೂಟುಗಳು ಇನ್ನೂ ತಲೆಯ ಮೇಲೇ ಇದ್ದವು. ಬಿರಿದ ಹಿಮ್ಮಡಗಳ ಮೇಲೆ ಸುಗುಣಾಳ ಕಾಲಿನ ಮೇಲಿದ್ದಂಥದೇ ಬೂದು ಕೆಸರು, ಅದರ ಮೇಲೆ ಸುಗುಣಾಳ ಕಾಲಿನ ಮೇಲಿದ್ದಂಥದೇ ಡಾಂಬರು ರಸ್ತೆಯ ಧೂಳು.

"ಇನ್ನೊಂದು ಹೆಸರು ಬರೀರಿ," ಎಂದಳು ಸುಗುಣಾ.

"ಯಾರದ್ದು?"

"ಗುರಮ್ಮನದ್ದು. ಎದುರಿಗೆ ಬಾಲಪ್ಪ ಅಂತ ಬರೀರಿ."

ವಿಷ್ಣುಮೂರ್ತಿ ತಲೆ ಕೆರೆದುಕೊಂಡ. "ಅವಳು ನಮ್ಮ ಕೂಟದವಳಲ್ಲ, ಅಲ್ವಾ?"

"ಆ ಮುದುಕರು ಎಂತ ಹೇಳಿದ್ದು? ಒಬ್ಬರು ಪೂರ್ತಿ ನಡೆದ್ರೆ ಒಂದು ಕಾಲು ಅಂತ. ಕೂಟ ಗೀಟ ಅಂತ ಹೇಳ್ಲಿಲ್ಲ. ನಾನು ಇಟ್ಟ ಒಂದೊಂದು ಹೆಜ್ಜೆಯ ಮುಂದೆ ಅವಳ ಹೆಜ್ಜೆ ಉಂಟು ವಿಷ್ಣುಮೂರ್ತಿ. ನಾನು ಸಾಕ್ಷಿ. ನನ್ನ ಮಾತು ಸಾಕು ಅಂತ ನೀವೇ ಹೇಳಿದ್ದು."

ಅವನು ಗಡಿಯಾರ ನೋಡಿದ, ಪುಸ್ತಕ ನೋಡಿದ. ಆಮೇಲೆ ಬಾಗಿಲ ಕಡೆ ಬಗ್ಗಿ ಕೇಳಿದ. "ಹೌದಾ ಅಮ್ಮ? ದುರ್ಗಾಡಿಯಿಂದ ಇಲ್ಲಿವರೆಗೆ ನೀನೂ ನಡೆದಿದ್ದಿಯಾ?"

ಗುರಮ್ಮ ಗಾಬರಿಯಾಗಿ ಎದ್ದು ನಿಂತಳು. ಬೂಟು ಬೀಳದಂತೆ ಒಂದು ಕೈ ಮೇಲೆ ಹೋಯಿತು.

"ಇಲ್ರಿ ಸಾವ್ಕಾರ. ನಾ ಎಲ್ಲಿ ನಡದೀನ್ರಿ? ಅಕ್ಕಾರ ಜೋಡಿ ಬಂದೀನಷ್ಟ."

ವಿಷ್ಣುಮೂರ್ತಿ ಪೆನ್ನು ಕೈಗೆತ್ತಿಕೊಂಡು, ಮುಚ್ಚಳ ತೆಗೆದು, ಹದಿಮೂರನೆಯ ಹೆಸರಿನ ಕೆಳಗೆ ಬರೆಯತೊಡಗಿದ. ಸುಗುಣಾ ಪಕ್ಕದಲ್ಲಿ ನಿಂತು ಒಂದೊಂದು ಅಕ್ಷರವನ್ನೂ ಕಾವಲು ಕಾಯುವವಳ ಹಾಗೆ ನೋಡಿದಳು.

ಹೊರಗೆ ಶಿವರಾಯ ಕೈ ಚಾಚಿ ಹೆಂಡತಿಯ ತಲೆಯ ಮೇಲಿನಿಂದ ಬೂಟುಗಳನ್ನು ಇಳಿಸಿಕೊಂಡ. ಎಡಗಾಲಿನದನ್ನು ಬೋರಲು ಹಿಡಿದು ತಟ್ಟಿ, ಉಳಿದಿದ್ದ ಖಾಡಿಯ ನೀರನ್ನು ಚೆಲ್ಲಿದ. ಅದನ್ನು ಬಿಸಿಲು ಬೀಳುವ ಕಡೆ ತನ್ನ ಬಲಗಾಲಿನ ಪಕ್ಕದಲ್ಲಿ ಇಟ್ಟು, ಲೇಸಿನ ಎರಡು ತುದಿಗಳನ್ನೂ ಸಮನಾಗಿ ಎಳೆದ.